ಕೃಪಾಪೋಷಿತ ಎಂಬ ಪದ: ನಾಟಕ ಕಂಪನಿಗಳು ಊರಿಗೆ ಏನಾಗಿದ್ದವು

ಹಳೆಯ ನಾಟಕ ಕಂಪನಿಯ ಹ್ಯಾಂಡ್‌ಬಿಲ್ ಎಲ್ಲಾದರೂ ಕೈಗೆ ಸಿಕ್ಕರೆ, ನಾಟಕದ ಹೆಸರಿಗಿಂತ ಮೊದಲು ಕಂಪನಿಯ ಹೆಸರನ್ನು ಪೂರ್ತಿಯಾಗಿ ಓದಿ. ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ. ಗದುಗಿನ ಕಡೆಗೆ ಬಂದರೆ ಶ್ರೀ ಕುಮಾರೇಶ್ವರ ಕೃಪಾಪೋಷಿತ ಪಂಚಾಕ್ಷರ ಗವಾಯಿಗಳವರ ನಾಟ್ಯ ಸಂಘ. ಅದೇ ಗದುಗಿನಲ್ಲಿ ಇನ್ನೂ ಹಿಂದಕ್ಕೆ ಹೋದರೆ ವೀರನಾರಾಯಣ ಪ್ರಾಸಾದಿತ ಕೃತಪುರ ನಾಟಕ ಮಂಡಳಿ. ಊರು, ಊರಿನ ದೇವರು ಅಥವಾ ಮಠದ ಗುರು, ಅವರ ಕೃಪೆ. ಇಷ್ಟೆಲ್ಲ ಆದ ಮೇಲೆ ನಾಟಕ.

ಈ ಉದ್ದನೆಯ ಹೆಸರು ನನಗೆ ಒಂದು ಜಾಮೀನು ಪತ್ರದ ಹಾಗೆ ಕಾಣುತ್ತದೆ. ಎಲ್ಲಿಂದಲೋ ಗಾಡಿ ಕಟ್ಟಿಕೊಂಡು ಬಂದ ಐವತ್ತು ಅರವತ್ತು ಜನ, ಅವರಲ್ಲಿ ಮೀಸೆ ಬೋಳಿಸಿದ ಗಂಡಸರು, ಮನೆ ಬಿಟ್ಟು ಬಂದ ಹುಡುಗರು, ಆಮೇಲಿನ ವರ್ಷಗಳಲ್ಲಿ ಹೆಂಗಸರು. ಇಂಥವರಿಗೆ ಜಾಗ ಕೊಡುವವರು ಯಾರು? ಕಲೆಕ್ಷನ್ ಬರುವ ತನಕ ಅಕ್ಕಿ ಬೇಳೆ ಕಡ ಕೊಡುವ ಅಂಗಡಿಯವರು ಯಾರು? ನಾಟಕದವರೆಂದರೆ ಮೂಗು ಮುರಿಯುತ್ತಿದ್ದ ಕಾಲ ಅದು. ನಮ್ಮ ಹಿಂದೆ ಇಂಥ ಊರಿದೆ, ಇಂಥ ದೇವರಿದ್ದಾನೆ ಎಂದು ಬೋರ್ಡಿನಲ್ಲೇ ಬರೆದುಕೊಂಡು ಬಂದವರಿಗೆ ಬಾಗಿಲು ತೆರೆಯುವುದು ಸುಲಭ. ಪೋಷಿಸಿದ್ದು ದೇವರ ಕೃಪೆ ಎಂದು ಹೆಸರು ಹೇಳಿದರೂ, ನಿಜಕ್ಕೂ ಪೋಷಿಸಿದವರು ನೆಲದ ಟಿಕೆಟ್ ಕೊಂಡು ಮುಂದೆ ಕೂತ ಜನ. ಅವರಿಂದ ಪಡೆದದ್ದನ್ನು ಕಂಪನಿಗಳು ಯಾವ ಯಾವ ರೂಪದಲ್ಲಿ ಹಿಂದಿರುಗಿಸಿದವು ಎಂಬುದನ್ನು ತಿಳಿಯದೆ ಕಂಪನಿ ನಾಟಕದ ಚರಿತ್ರೆ ಅರ್ಥವಾಗುವುದಿಲ್ಲ.

ಚರಿತ್ರೆ ಶುರುವಾಗುವುದು ಒಂದು ಕೊಡುಕೊಳ್ಳುವಿಕೆಯಿಂದ. 1842ರ ಸುಮಾರಿಗೆ ಉತ್ತರ ಕನ್ನಡದ ಕರ್ಕಿಯಿಂದ ಯಕ್ಷಗಾನದ ಮೇಳವೊಂದು ಸಾಂಗ್ಲಿಗೆ ಹೋಗಿ ಅಲ್ಲಿನ ಅರಸರ ಮುಂದೆ ಆಡಿತು. ಅದನ್ನು ಕಂಡ ಅರಸ ಚಿಂತಾಮಣರಾವ್ ಪಟವರ್ಧನರು, ಮರಾಠಿಯಲ್ಲೂ ಇಂಥದ್ದು ಆಗಬೇಕೆಂದು ವಿಷ್ಣುದಾಸ ಭಾವೆಗೆ ಹೇಳಿದರು. 1843ರಲ್ಲಿ ಸೀತಾಸ್ವಯಂವರ ರಂಗಕ್ಕೆ ಬಂತು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಅಲ್ಲಿಂದ ಎಣಿಸುತ್ತದೆ. ಮೂರು ದಶಕ ಕಳೆಯುವಷ್ಟರಲ್ಲಿ ಮರಾಠಿ ಕಂಪನಿಗಳು ಧಾರವಾಡ, ಹುಬ್ಬಳ್ಳಿ, ಗದಗಗಳಲ್ಲಿ ಮನೆಮಾತಾಗಿದ್ದವು. ಕನ್ನಡದ ಊರಿನಲ್ಲಿ ಕನ್ನಡದ ನಾಟಕವೇ ಇಲ್ಲ ಎಂಬ ಸಂಕಟದಿಂದ ಕೆಲಸಕ್ಕೆ ಇಳಿದವರು ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು. ಶಾಲಾ ಮಾಸ್ತರರಾಗಿದ್ದ ಅವರು 1870ರ ದಶಕದಲ್ಲಿ ಉಷಾಹರಣ ಬರೆದು, ಮೇಲೆ ಹೇಳಿದ ಕೃತಪುರ ಮಂಡಳಿಯನ್ನು ಕಟ್ಟಿದರು. ಕೃತಪುರವೆಂದರೆ ಗದಗವೇ.

ಮೈಸೂರಿನ ದಾರಿ ಬೇರೆ. ಅಲ್ಲಿ ಅರಮನೆಯೇ ಮುಂದೆ ನಿಂತಿತು. ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ ಅರಮನೆಯ ಆಸರೆಯ ನಾಟಕ ಸಭೆ ಹುಟ್ಟಿಕೊಂಡು, ಬಸವಪ್ಪ ಶಾಸ್ತ್ರಿಗಳು ಕನ್ನಡಕ್ಕೆ ತಂದ ಶಾಕುಂತಲ ಅದರ ಹೆಮ್ಮೆಯ ನಾಟಕವಾಯಿತು. ಅತ್ತ ಪಾರ್ಸಿ ಕಂಪನಿಗಳು ಬಣ್ಣ ಬಣ್ಣದ ಪರದೆ, ಟ್ರಿಕ್ ಸೀನುಗಳನ್ನು ತೋರಿಸಿಕೊಂಡು ದೇಶವನ್ನೆಲ್ಲ ಸುತ್ತುತ್ತಿದ್ದವು. ಯಕ್ಷಗಾನದ ಪುರಾಣ, ಸಂಸ್ಕೃತದ ಕಾವ್ಯ, ಮರಾಠಿಯ ಹಿಂದೂಸ್ತಾನಿ ಹಾಡುಗಾರಿಕೆ, ಪಾರ್ಸಿಗಳ ಝಗಮಗ: ಇವೆಲ್ಲ ಕೂಡಿ ಆದದ್ದನ್ನು ನಾವು ಕಂಪನಿ ನಾಟಕ ಎನ್ನುತ್ತೇವೆ.

ನಾಟಕವೆಂದರೆ ಮಾತು ಎಂದುಕೊಂಡಿರುವ ಇಂದಿನವರಿಗೆ ಇಲ್ಲೊಂದು ವಿಷಯ ಹೇಳಬೇಕು. ಕಂಪನಿ ನಾಟಕ ಮೊದಲಿಗೆ ಸಂಗೀತ, ಆಮೇಲೆ ನಾಟಕ. ಯುರೋಪಿನವರು ಒಪೆರಾ ಎಂದು ಕರೆಯುವ ಹಾಡಿನ ನಾಟಕಕ್ಕೆ ನಮ್ಮಲ್ಲಿ ಹತ್ತಿರದ ನೆಂಟನಿದ್ದರೆ ಅದು ಇದೇ. ಒಂದೊಂದು ನಾಟಕದಲ್ಲಿ ಹತ್ತಾರು ಹಾಡು, ನಡುನಡುವೆ ಕಂದ, ವೃತ್ತ, ಸೀಸ ಪದ್ಯ. ರಾಜಾಪಾರ್ಟಿನವನಿಗೆ ಕತ್ತಿ ಹಿಡಿಯಲು ಬಾರದಿದ್ದರೂ ನಡೆದೀತು, ಗಂಟಲಿಲ್ಲದಿದ್ದರೆ ನಡೆಯದು. ಮೈಕು ಇಲ್ಲದ ದಿನಗಳಲ್ಲಿ ಸಾವಿರ ಜನರ ಕೊನೆಯ ಸಾಲಿಗೂ ಸಾಹಿತ್ಯ ಕೇಳಿಸಬೇಕು, ಅದಕ್ಕಾಗಿ ಏರು ಶ್ರುತಿ. ಜನ ಒನ್ಸ್ ಮೋರ್ ಎಂದರೆ ಸತ್ತು ಬಿದ್ದ ಪಾತ್ರಧಾರಿಯೂ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಿದ್ದ. ಇದನ್ನು ಹೇಳಿ ನಗುವವರಿದ್ದಾರೆ. ನನಗೆ ಇದರಲ್ಲಿ ನಗುವಂಥದ್ದು ಏನೂ ಕಾಣುವುದಿಲ್ಲ. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ, ಜನ ಬಂದದ್ದು ಆ ರಾಗಕ್ಕೆ.

ಇಡೀ ರಾತ್ರಿಯನ್ನು ಹೊತ್ತು ನಡೆಸುತ್ತಿದ್ದದ್ದು ರಂಗದ ಮುಂದೆ ಇರುತ್ತಿದ್ದ ಕಾಲು ಹಾರ್ಮೋನಿಯಂ. ಮಾಸ್ತರರು ಎರಡೂ ಕಾಲಿನಿಂದ ತಿದಿ ಒತ್ತುತ್ತಾರೆ, ಹಾಗಾಗಿ ಎರಡು ಕೈಯೂ ಸ್ವರದ ಮನೆಗಳ, ಅಂದರೆ ಕೀಲಿಗಳ ಮೇಲೆ ಬಿಡುವಾಗಿ ಓಡಾಡುತ್ತವೆ. ಅವರ ಕಣ್ಣು ಮಾತ್ರ ರಂಗದ ಮೇಲೆ. ಹೊಸ ಹುಡುಗ ಮಾತು ಮರೆತು ತಡವರಿಸಿದರೆ ತಕ್ಷಣ ಒಂದು ತುಣುಕು ನುಡಿಸಿ ಆ ಖಾಲಿಯನ್ನು ಮುಚ್ಚುತ್ತಾರೆ, ಹಾಡು ಎತ್ತಿಕೊಳ್ಳುವ ಷಡ್ಜವನ್ನು ಕೊಡುತ್ತಾರೆ, ಸೋತ ಗಂಟಲಿಗೆ ಮೇಲಿನ ಸ್ವರದಲ್ಲಿ ತಾವೇ ಜೊತೆಯಾಗುತ್ತಾರೆ. ಬೆಳಿಗ್ಗೆ ತಾಲೀಮಿನಲ್ಲಿ ಪಾಠ ಹೇಳಿಕೊಡುವವರೂ ಅವರೇ. ಕಂಪನಿಯ ಮಾಲೀಕರನ್ನು ಯಜಮಾನರು ಎನ್ನುತ್ತಿದ್ದರು. ಆದರೆ ಪರದೆ ಎದ್ದ ಮೇಲೆ ನಿಜವಾದ ಯಜಮಾನಿಕೆ ಈ ಮಾಸ್ತರರದು.

ಕಂಪನಿಯೊಂದು ಊರಿಗೆ ಮೊಕ್ಕಾಂ ಹಾಕಿತೆಂದರೆ ತಿಂಗಳುಗಟ್ಟಲೆ ಇರುತ್ತಿತ್ತು. ತಗಡು, ಬಿದಿರು, ತಟ್ಟಿ, ಡೇರೆಯಿಂದ ಥಿಯೇಟರ್ ಏಳುತ್ತಿತ್ತು. ಅದರ ಹಿಂದೆ ಇನ್ನೊಂದು ಊರು: ಅಡುಗೆಯವರು, ಪರದೆ ಬರೆಯುವ ಚಿತ್ರಕಾರರು, ಬಡಗಿಗಳು, ದರ್ಜಿಗಳು, ಗ್ಯಾಸ್‌ಲೈಟಿಗೆ ಗಾಳಿ ಹೊಡೆಯುವವರು, ಮಕ್ಕಳು, ಮುದುಕರು. ಇವರ ಅಕ್ಕಿ, ಎಣ್ಣೆ, ಸೌದೆ, ಗಾಡಿ ಬಾಡಿಗೆ, ಮುದ್ರಣದ ಖರ್ಚು ಎಲ್ಲವೂ ಆ ಊರಿನಲ್ಲೇ ಹಂಚಿಹೋಗುತ್ತಿತ್ತು. ನಾಟಕ ಬಿಡುವ ಹೊತ್ತಿಗೆ ಚಹದಂಗಡಿಯಲ್ಲಿ ದೀಪ ಉರಿಯುತ್ತಿತ್ತು, ಹಳ್ಳಿಯಿಂದ ಬಂದವರ ಎತ್ತುಗಳು ಬಯಲಿನಲ್ಲಿ ಮೆಲುಕು ಹಾಕುತ್ತಿದ್ದವು. ಊರು ಬಿಡುವ ಮೊದಲು ಸಹಾಯಾರ್ಥ ಪ್ರದರ್ಶನ ಕೊಡುವುದೂ ಒಂದು ವಾಡಿಕೆ. ಶಾಲೆಯ ಕಟ್ಟಡಕ್ಕೋ ಗುಡಿಯ ಜೀರ್ಣೋದ್ಧಾರಕ್ಕೋ ಆ ರಾತ್ರಿಯ ಕಲೆಕ್ಷನ್ ಹೋಗುತ್ತಿತ್ತು.

ಗುಬ್ಬಿಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ತುಮಕೂರಿನ ಪಕ್ಕದ ಆ ಸಣ್ಣ ಊರಿನಲ್ಲಿ 1884ರಲ್ಲಿ ಚಂದಣ್ಣ, ಅಬ್ದುಲ್ ಅಜೀಜ್ ಮುಂತಾದ ಗೆಳೆಯರು ಸೇರಿ ಕಂಪನಿ ಕಟ್ಟಿದರು. ಚನ್ನಬಸವೇಶ್ವರನ ಹೆಸರಿನ ಸಂಘವನ್ನು ಕಟ್ಟಿದವರಲ್ಲಿ ಒಬ್ಬ ಮುಸಲ್ಮಾನರಿದ್ದರು. ಆ ಊರಿಗೆ ಅದು ಸಹಜವಾಗಿತ್ತು ಎಂಬುದನ್ನು ಗಮನಿಸಬೇಕು. ವೃತ್ತಿ ರಂಗಭೂಮಿಯ ಉದ್ದಕ್ಕೂ ಇದು ಕಾಣುತ್ತದೆ. ಚಂದ್ರಕಲಾ ನಾಟಕ ಮಂಡಳಿಯ ಮಹಮದ್ ಪೀರ್ ಅವರನ್ನು ನೆನೆದರೂ ಸಾಕು.

1891ರಲ್ಲಿ ಹುಟ್ಟಿದ ವೀರಣ್ಣ ಎಳೆಯ ಹುಡುಗನಾಗಿದ್ದಾಗಲೇ ಈ ಕಂಪನಿಗೆ ಸೇರಿ, 1917ರಲ್ಲಿ ಅದರ ಯಜಮಾನರಾದರು. ಹಾಡುಗಾರ ನಟರೇ ಮೆರೆಯುತ್ತಿದ್ದ ಕಾಲದಲ್ಲಿ ಅವರು ಹೆಸರು ಮಾಡಿದ್ದು ಹಾಸ್ಯದಿಂದ. ಸದಾರಮೆ ನಾಟಕದಲ್ಲಿ ಅವರ ಕಳ್ಳನ ಪಾತ್ರವನ್ನು ನೋಡಲೆಂದೇ ಜನ ಮತ್ತೆ ಮತ್ತೆ ಬರುತ್ತಿದ್ದರು. 1934ರಲ್ಲಿ ಅವರ ಕಂಪನಿ ಬೆಂಗಳೂರಿನಲ್ಲಿ ಕುರುಕ್ಷೇತ್ರ ಆಡಿದಾಗ ಆನೆ, ಕುದುರೆಗಳೇ ರಂಗದ ಮೇಲೆ ಬಂದವು. ಆದರೆ ಅವರ ದೊಡ್ಡತನ ಆನೆಯಲ್ಲಿಲ್ಲ. ಸ್ತ್ರೀ ಪಾರ್ಟನ್ನು ಗಂಡಸರೇ ಮಾಡುತ್ತಿದ್ದ ರಂಗದ ಮೇಲೆ ಹೆಣ್ಣುಮಕ್ಕಳಿಗೆ ಗೌರವದ ಜಾಗ ಮಾಡಿಕೊಟ್ಟದ್ದು, ಕಂಪನಿಯಲ್ಲಿ ಬೆಳೆದವರನ್ನು ಮುಂದಕ್ಕೆ ಕಳಿಸಿಕೊಟ್ಟದ್ದು ಅವರ ನಿಜವಾದ ಸಾಧನೆ. ಬಿ. ಜಯಮ್ಮನವರಂಥ ನಟಿಯರು ಬೆಳೆದದ್ದು ಅಲ್ಲಿ.

ಬಿ.ವಿ. ಕಾರಂತರ ವಿಷಯವನ್ನೇ ನೋಡಿ. ದಕ್ಷಿಣ ಕನ್ನಡದ ಬಾಬುಕೋಡಿಯಿಂದ ಮನೆ ಬಿಟ್ಟು ಓಡಿಬಂದ ಹುಡುಗ ಗುಬ್ಬಿ ಕಂಪನಿಗೆ ಸೇರಿಕೊಂಡ. ವೀರಣ್ಣನವರು ಅವನನ್ನು ಓದಲು ಕಾಶಿಗೆ ಕಳಿಸಿದರು. ಬಾಲಪಾರ್ಟಿನ ಒಬ್ಬ ಹುಡುಗ ಕೈತಪ್ಪಿ ಹೋದರೆ ಮಾಲೀಕನಿಗೆ ನಷ್ಟವೇ, ಆದರೂ ಕಳಿಸಿದರು. ಆ ಹುಡುಗ ಮುಂದೆ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಆಧುನಿಕ ನಾಟಕಗಳಿಗೆ ಅವರು ಕೊಟ್ಟ ಸಂಗೀತದಲ್ಲಿ ಕಂಪನಿಯ ಮಟ್ಟುಗಳ ಧಾಟಿ ಎಲ್ಲೆಲ್ಲೂ ಕೇಳಿಸುತ್ತದೆ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು. ಅವರ ಬೆರಳು ಹಿಡಿದು ಬಂದ ಮಗ ಮುತ್ತುರಾಜ ಅಲ್ಲೇ ಬಣ್ಣ ಹಚ್ಚಿ, 1954ರಲ್ಲಿ ಬೇಡರ ಕಣ್ಣಪ್ಪ ಚಿತ್ರದಿಂದ ರಾಜ್‌ಕುಮಾರ್ ಆದರು. ಪದ ಒಡೆಯದೆ ಕನ್ನಡ ಮಾತಾಡುವ ಆ ಸ್ಪಷ್ಟತೆಯನ್ನು ನಾವು ಇಂದಿಗೂ ಹೊಗಳುತ್ತೇವೆ. ಮೈಕಿಲ್ಲದ ತಾಲೀಮಿನ ಫಲ ಅದು ಎಂದು ನಾನು ನಂಬಿದ್ದೇನೆ.

ಸಂಗೀತಕ್ಕಂತೂ ಕಂಪನಿಗಳೇ ಪ್ರಾಥಮಿಕ ಶಾಲೆ. ಧಾರವಾಡದ ಹತ್ತಿರದ ಮನಸೂರಿನ ಬಾಲಕ ಮಲ್ಲಿಕಾರ್ಜುನ, ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಹುಡುಗರ ಪಾತ್ರಗಳನ್ನು ಹಾಡುತ್ತಿದ್ದ. ಆ ಗಂಟಲನ್ನು ಕೇಳಿದ ನೀಲಕಂಠಬುವಾ ಅವನನ್ನು ಮಿರಜಿಗೆ ಕರೆದುಕೊಂಡು ಹೋಗಿ ಗ್ವಾಲಿಯರ್ ಘರಾಣೆಯ, ಅಂದರೆ ಆ ಗಾಯನ ಪರಂಪರೆಯ, ಪಾಠ ಹೇಳಿದರು. ಬಸವರಾಜ ರಾಜಗುರುಗಳೂ ಅದೇ ಮಾಸ್ತರರ ಕಂಪನಿಯಲ್ಲಿ ಹಾಡಿದವರು, ಅಲ್ಲಿಂದ ಪಂಚಾಕ್ಷರ ಗವಾಯಿಗಳ ಬಳಿಗೆ ಬಂದರು. ಹಿಂದೂಸ್ತಾನಿ ಸಂಗೀತದಲ್ಲಿ ಧಾರವಾಡ ಸೀಮೆಗೆ ಇಷ್ಟು ಹೆಸರು ಹೇಗೆ ಬಂತು ಎಂದು ಕೇಳುವವರು ಘರಾಣೆಗಳ ಚರಿತ್ರೆಯ ಜೊತೆಗೆ ಈ ತಗಡಿನ ಥಿಯೇಟರುಗಳ ಚರಿತ್ರೆಯನ್ನೂ ಓದಬೇಕು. ನೆಲದ ಮೇಲೆ ಕೂತ ರೈತನಿಗೆ ಭೀಮಪಲಾಸ ರಾಗದ ಹೆಸರು ಗೊತ್ತಿರಲಿಲ್ಲ. ಆದರೆ ಅದರಲ್ಲಿ ಒಂದು ಸ್ವರ ಜಾರಿದರೆ ಅವನಿಗೆ ತಿಳಿಯುತ್ತಿತ್ತು.

ಕೃಪಾಪೋಷಿತ ಎಂಬ ಪದ ಅಕ್ಷರಶಃ ನಿಜವಾದದ್ದು ಗದುಗಿನಲ್ಲಿ. ಹುಟ್ಟುಕುರುಡರಾದ ಪಂಚಾಕ್ಷರ ಗವಾಯಿಗಳು ಹಾನಗಲ್ ಕುಮಾರಸ್ವಾಮಿಗಳ (ಕಂಪನಿಯ ಹೆಸರಿನ ಕುಮಾರೇಶ್ವರರು ಇವರೇ) ಆಶ್ರಯದಲ್ಲಿ ಸಂಗೀತ ಕಲಿತು, ಕಣ್ಣಿಲ್ಲದ ಮತ್ತು ದಿಕ್ಕಿಲ್ಲದ ಮಕ್ಕಳಿಗೆ ಊರೂರು ತಿರುಗಿ ಪಾಠ ಹೇಳಿದರು. ಆ ತಿರುಗುವ ಪಾಠವೇ ಮುಂದೆ ಗದುಗಿನಲ್ಲಿ ನೆಲೆ ನಿಂತು ವೀರೇಶ್ವರ ಪುಣ್ಯಾಶ್ರಮವಾಯಿತು. 1944ರಲ್ಲಿ ಅವರು ತೀರಿಕೊಂಡಾಗ ಹೊಣೆ ಬಿದ್ದದ್ದು ಶಿಷ್ಯ ಪುಟ್ಟರಾಜರ ಮೇಲೆ, ಅವರಿಗೂ ಕಣ್ಣಿಲ್ಲ. ಅಷ್ಟೊಂದು ಮಕ್ಕಳ ಅನ್ನಕ್ಕೆ ದಾರಿ ಯಾವುದು? ಪುಟ್ಟರಾಜ ಗವಾಯಿಗಳು ನೆಚ್ಚಿಕೊಂಡದ್ದು ನಾಟಕ ಕಂಪನಿಯನ್ನು. ತಾವೇ ಶರಣರ, ಸಂತರ ಕಥೆಗಳನ್ನು ನಾಟಕವಾಗಿ ಬರೆದರು, ಹಾಡು ಕಟ್ಟಿದರು, ವಾದ್ಯ ನುಡಿಸಿದರು. ಕಂಪನಿ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಆಡುತ್ತಿತ್ತು, ಗಳಿಕೆ ಆಶ್ರಮದ ಅಡುಗೆಮನೆಗೆ ಹೋಗುತ್ತಿತ್ತು. ಹಳ್ಳಿಯವರು ಟಿಕೆಟ್ ಕೊಳ್ಳುವಾಗ ಕುರುಡು ಮಗುವಿನ ಊಟಕ್ಕೆ ಕೊಡುತ್ತಿದ್ದೇವೆಂದು ಗೊತ್ತಿದ್ದೇ ಕೊಳ್ಳುತ್ತಿದ್ದರು. ಹಾಗೆಂದು ನಾಟಕ ಚೆನ್ನಾಗಿಲ್ಲದಿದ್ದರೆ ಸುಮ್ಮನಿರುತ್ತಿರಲಿಲ್ಲ, ಅದು ಬೇರೆ ಮಾತು. 2010ರಲ್ಲಿ ಗವಾಯಿಗಳು ತೀರಿಕೊಂಡಾಗ ಗದುಗಿಗೆ ಹರಿದುಬಂದ ಜನಸಾಗರದಲ್ಲಿ ಹೆಚ್ಚಿನವರು ಅವರನ್ನು ಬಲ್ಲದ್ದು ಸಂಗೀತ ಸಭೆಗಳಿಂದಲ್ಲ, ಜಾತ್ರೆಯ ರಾತ್ರಿಗಳಿಂದ.

ಹೆಣ್ಣುಮಕ್ಕಳ ದಾರಿ ಸುಲಭದ್ದಾಗಿರಲಿಲ್ಲ. ರಂಗದ ಮೇಲೆ ಕೈಮುಗಿಸಿಕೊಂಡ ನಟಿಗೆ ಊರಿನಲ್ಲಿ ಬಾಡಿಗೆ ಮನೆ ಸಿಗದಿರುವುದು ಉಂಟು. ಇದರ ನಡುವೆಯೇ 1958ರಲ್ಲಿ ಆರ್. ನಾಗರತ್ನಮ್ಮನವರು ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಅಲ್ಲಿ ಎಲ್ಲ ಪಾತ್ರವೂ ಹೆಂಗಸರದೇ. ಒಂದು ಕಾಲಕ್ಕೆ ಗಂಡಸರು ಸೀರೆ ಉಟ್ಟು ದ್ರೌಪದಿಯಾಗುತ್ತಿದ್ದ ರಂಗದ ಮೇಲೆ ಅವರು ಮೀಸೆ ಕಟ್ಟಿ, ಗದೆ ಹೊತ್ತು, ಕಂಸನಾಗಿ, ರಾವಣನಾಗಿ ಅಬ್ಬರಿಸಿದರು. ದಾವಣಗೆರೆಯ ಚಿಂದೋಡಿ ಲೀಲಾ ಅವರು ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ದಶಕಗಳ ಕಾಲ ನಡೆಸಿದರು. ನಟಿಯಾಗಿ ಹೆಸರು ಗಳಿಸುವುದು ಒಂದು. ಲಾರಿ, ತಗಡು, ಸಂಬಳ, ಸಾಲ, ಮುಂದಿನ ಮೊಕ್ಕಾಂ ಎಲ್ಲವನ್ನೂ ತಲೆಯ ಮೇಲೆ ಹೊತ್ತು ಕಂಪನಿ ನಡೆಸುವುದು ಇನ್ನೊಂದು. ಎರಡನೆಯದನ್ನು ಮಾಡಿದ ಹೆಂಗಸರ ಬಗ್ಗೆ ನಾವು ಇನ್ನೂ ಸಾಕಷ್ಟು ಬರೆದಿಲ್ಲ.

ಇನ್ನೊಂದು ಉಪಕಾರ ಕಣ್ಣಿಗೆ ಕಾಣದಂಥದ್ದು. 1956ಕ್ಕೆ ಮೊದಲು ಕನ್ನಡಿಗರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದರು. ಕಂಪನಿಗಳಿಗೆ ಈ ಗಡಿಗಳ ಲೆಕ್ಕವಿರಲಿಲ್ಲ. ಗುಬ್ಬಿಯವರು ಹುಬ್ಬಳ್ಳಿಯಲ್ಲಿ ಆಡಿದರು, ಧಾರವಾಡ ಸೀಮೆಯ ಕಂಪನಿಗಳು ತೆಂಕಣಕ್ಕೆ ಇಳಿದವು. ಕಂದಗಲ್ ಹನುಮಂತರಾಯರ ರಕ್ತರಾತ್ರಿ ನಾಟಕದ ಮಾತುಗಳು ಓದುಬರಹ ಬಾರದವರಿಗೂ ಬಾಯಿಪಾಠ. ಒಬ್ಬರ ಕನ್ನಡ ಇನ್ನೊಬ್ಬರ ಕಿವಿಗೆ ಬಿದ್ದದ್ದು, ಅದೂ ನಮ್ಮದೇ ಎನ್ನಿಸಿದ್ದು ಎಷ್ಟೋ ಕಡೆ ಇಂಥ ಡೇರೆಗಳ ಕೆಳಗೆ.

ಹಿನ್ನಡೆಯ ಕಥೆ ಚಿಕ್ಕದು, ಎಲ್ಲರಿಗೂ ಗೊತ್ತಿರುವಂಥದ್ದು. ಆನೆ ಕುದುರೆಗಳ ಕುರುಕ್ಷೇತ್ರ ಬಂದ 1934ರಲ್ಲೇ ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನ ತೆರೆಕಂಡಿತು. ಅದರ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರೆಲ್ಲ ಕಂಪನಿಯವರೇ. ಕಂಪನಿ ಬೆಳೆಸಿದ ನಟರು, ಕಥೆ, ಹಾಡು, ಕೊನೆಗೆ ಡೇರೆಯನ್ನೂ ಸಿನಿಮಾ ತೆಗೆದುಕೊಂಡಿತು. ಹಳ್ಳಿಗಳಿಗೆ ಟೂರಿಂಗ್ ಟಾಕೀಸು ಬಂತು. ಆಮೇಲೆ ಟಿ.ವಿ. ಬಂತು. ಉಳಿದ ಕಂಪನಿಗಳು ಪುರಾಣ ಬಿಟ್ಟು ಸಾಮಾಜಿಕ ನಾಟಕಕ್ಕೆ ತಿರುಗಿದವು, ಹಾಡು ಕಡಿಮೆಯಾಯಿತು, ಕಲೆಕ್ಷನ್ ಉಳಿಸಿಕೊಳ್ಳಲು ದ್ವಂದ್ವಾರ್ಥದ ಹಾಸ್ಯ ಹೆಚ್ಚಾಯಿತು. ಆ ಹಾಸ್ಯ ನನಗೂ ಹಿಡಿಸುವುದಿಲ್ಲ. ಆದರೆ ರಾತ್ರಿಗೆ ಇಷ್ಟು ಟಿಕೆಟ್ ಹರಿಯದಿದ್ದರೆ ನಾಳೆ ಒಲೆ ಹೊತ್ತುವುದಿಲ್ಲ ಎಂಬಲ್ಲಿ ನಿಂತವರಿಗೆ, ಅನುದಾನದ ನೆರಳಿನಲ್ಲಿ ನಾಟಕ ಮಾಡುವವರು ರುಚಿಯ ಪಾಠ ಹೇಳುವುದು ಸರಿಯಲ್ಲ. 2020ರಲ್ಲಿ ಕೊರೋನಾ ಬಂದು ಜಾತ್ರೆಗಳೇ ನಿಂತಾಗ ಒಲೆ ಆರಿದ್ದೂ ಹೌದು.

ಕಂಪನಿಗಳು ಈಗಲೂ ಇವೆ. ಬಾದಾಮಿಯ ಬನಶಂಕರಿ ಜಾತ್ರೆಗೆ ಬನದ ಹುಣ್ಣಿಮೆಯ ಹೊತ್ತಿಗೆ ಹೋದರೆ ಸಾಲಾಗಿ ನಿಂತ ನಾಟಕ ಥಿಯೇಟರುಗಳನ್ನು ನೋಡಬಹುದು. ಒಂದೊಂದು ಕಂಪನಿಯೂ ರಾತ್ರಿಗೆ ಒಂದಕ್ಕಿಂತ ಹೆಚ್ಚು ಆಟ ಆಡುತ್ತದೆ. ಸಾಧ್ಯವಾದರೆ ಮಧ್ಯಾಹ್ನದಲ್ಲೇ ಆ ಕಡೆ ಸುತ್ತಾಡಿ. ಡೇರೆಯ ಹಗ್ಗಕ್ಕೆ ಜರಿಯ ಅಂಗಿ ಮತ್ತು ಮಗುವಿನ ಲಂಗ ಒಟ್ಟಿಗೆ ಒಣಗುತ್ತಿರುತ್ತವೆ, ರಾತ್ರಿ ಜನರನ್ನು ನಗಿಸಬೇಕಾದವರು ಪಾತ್ರೆ ತಿಕ್ಕುತ್ತಿರುತ್ತಾರೆ, ಒಳಗಿನಿಂದ ಹಾರ್ಮೋನಿಯಮ್ಮಿನ ಸದ್ದು ಬರುತ್ತಿರುತ್ತದೆ. ಆ ಕೆಲವು ವಾರಗಳ ಗಳಿಕೆಯ ಮೇಲೆ ಅವರ ವರ್ಷದ ಲೆಕ್ಕ ನಿಂತಿದೆ.

ಇನ್ನು ಕಂಪನಿಗಳೇ ಇಲ್ಲದ ಕಡೆ ಅವುಗಳ ನಾಟಕ ಊರಿನವರ ಕೈಗೆ ಬಂದಿದೆ. ತುಮಕೂರು, ಮಂಡ್ಯ, ಮೈಸೂರು ಕಡೆಯ ಹಳ್ಳಿಗಳಲ್ಲಿ ಇಂದಿಗೂ ಕುರುಕ್ಷೇತ್ರ ಆಡುತ್ತಾರೆ. ಇಲ್ಲಿ ನಟನಿಗೆ ಸಂಬಳವಿಲ್ಲ, ಪಾರ್ಟಿಗೆ ನಟನೇ ದುಡ್ಡು ಕೊಡಬೇಕು. ಕೃಷ್ಣ, ದುರ್ಯೋಧನ, ಕರ್ಣನಿಗೆ ಹೆಚ್ಚು, ಸಣ್ಣ ಪಾರ್ಟಿಗೆ ಕಡಿಮೆ. ಎರಡು ಮೂರು ತಿಂಗಳು ಸಂಜೆ ಹೊತ್ತು ಡ್ರಾಮಾ ಮಾಸ್ತರರು ಬಂದು, ಹೊಲದಿಂದ ಬಂದವರನ್ನು ಕೂರಿಸಿಕೊಂಡು ಹಾಡು ಕಲಿಸುತ್ತಾರೆ. ಡ್ರೆಸ್ಸು, ಸೀನರಿ ಬಾಡಿಗೆಗೆ ಬರುತ್ತವೆ. ಬಸ್ ನಿಲ್ದಾಣದಲ್ಲಿ ಫ್ಲೆಕ್ಸ್ ಏಳುತ್ತದೆ. ನಾಟಕದ ರಾತ್ರಿ ದುರ್ಯೋಧನನ ಹಾಡು ಮುಗಿದೊಡನೆ ಅವನ ಭಾವಮೈದ ರಂಗದ ಮೇಲೆ ಹತ್ತಿ ಹಾರ ಹಾಕುತ್ತಾನೆ, ಯುದ್ಧ ಅಷ್ಟು ಹೊತ್ತು ಕಾಯುತ್ತದೆ. ಮಾಸ್ತರರು ಆ ಬಿಡುವಿನಲ್ಲಿ ಬೆರಳು ನೀವಿಕೊಂಡು ಮುಂದಿನ ಶ್ರುತಿ ಹಿಡಿಯುತ್ತಾರೆ.

ಭೀಮನ ಗದೆ ಬೀಳುವ ಹೊತ್ತಿಗೆ ಮೂಡಣ ಬೆಳ್ಳಗಾಗಿರುತ್ತದೆ. ಸೀನರಿಯವರು ಪರದೆ ಸುತ್ತುತ್ತಾರೆ, ಮಾಸ್ತರರು ಹಾರ್ಮೋನಿಯಂ ಪೆಟ್ಟಿಗೆಯನ್ನು ಮೊದಲ ಬಸ್ಸಿಗೆ ಹೇರಿಸುತ್ತಾರೆ. ದುರ್ಯೋಧನ ಕೊಬ್ಬರಿ ಎಣ್ಣೆಯಿಂದ ಬಣ್ಣ ಅಳಿಸಿಕೊಂಡು, ಕಿವಿಯ ಹಿಂದೆ ಇನ್ನೂ ಉಳಿದ ಕೆಂಪಿನೊಂದಿಗೆ, ಹಾಲಿನ ಕ್ಯಾನು ಹಿಡಿದು ಡೇರಿಯ ಸಾಲಿನಲ್ಲಿ ನಿಲ್ಲುತ್ತಾನೆ. ಮುಂದಿರುವವರು ಹಿಂತಿರುಗಿ, ಎರಡನೆಯ ಹಾಡಿನಲ್ಲಿ ಗಂಟಲು ಚೆನ್ನಾಗಿ ಏರಿತು ಕಣಪ್ಪಾ ಎನ್ನುತ್ತಾರೆ.